ಸ್ಟಾಡ್ ಸುತ್ತಿ ಬಂದ ಚೀಸು

ಜೂನ್ 16, ಸೋಮವಾರ. ಓಲೆಸುಂಡ್

ರೆಕಾರ್ಡರ್ ಹಾಕಿಕೊಂಡು ಈ ಫೋನಿನ ಜೊತೆ ಮಾತಾಡುವುದಕ್ಕೆ ಕಾರಣ ಸರಳ. ದೋಣಿಯಲ್ಲಿರುವ ಇನ್ನೊಬ್ಬನ ಜೊತೆ ಮಾತಾಡುವ ಮನಸ್ಸಿಲ್ಲ, ಮಾತಾಡದೆ ಇರುವುದಂತೂ ನನ್ನಿಂದ ಆಗುವ ಕೆಲಸವಲ್ಲ. ನಮ್ಮೂರು ಫ್ಲೂರೊದಲ್ಲಿ ನಾನು ಓಡಿಸುವ ಬಸ್ಸಿನಲ್ಲಿ ಚಾಲಕನೊಂದಿಗೆ ಮಾತಾಡಬೇಡಿ ಎಂದು ಫಲಕವಿದೆ. ಅದನ್ನು ಹಾಕಿದ್ದು ಪ್ರಯಾಣಿಕರನ್ನು ನನ್ನಿಂದ ಕಾಪಾಡುವುದಕ್ಕೆ ಎಂದು ನನ್ನ ಮಗಳು ಸಿನ್ನೆ ಹೇಳುತ್ತಾಳೆ.

ಸಿನ್ನೆಯ ಮದುವೆ ಶನಿವಾರ. ಫ್ಲೂರೊದಾಚೆ ಕಿನ್ ದ್ವೀಪದ ಹಳೆಯ ಕಲ್ಲಿನ ಚರ್ಚಿನಲ್ಲಿ. ಅಲ್ಲಿಗೆ ರಸ್ತೆಯಿಲ್ಲ, ನೀರೇ ದಾರಿ. ಎಲ್ಲ ಅತಿಥಿಗಳ ಜೊತೆ ಫೆರಿಯಲ್ಲಿ ಹೋಗು ಎಂದರೆ ಅವಳು ಕೇಳಬೇಕಲ್ಲ. ತಾನು ಈಜುವ ಮೊದಲೇ ಚುಕ್ಕಾಣಿ ಹಿಡಿಯಲು ಕಲಿತ ನಮ್ಮ ಹಳೆಯ ಮೋಟಾರು ದೋಣಿ ‘ತೆರ್ನಾ’ದಲ್ಲೇ ಧಕ್ಕೆಗೆ ಬಂದಿಳಿಯಬೇಕಂತೆ. ತೆರ್ನಾ ಇರುವುದು ಇಲ್ಲಿ, ಓಲೆಸುಂಡಿನಲ್ಲಿ, ನನ್ನ ಮಾಜಿ ಹೆಂಡತಿ ಬೇರಿತ್‌ಳ ದೋಣಿಮನೆಯಲ್ಲಿ, ಅಂದರೆ ದಡದ ಮೇಲಿನ ದೋಣಿ ಕೊಟ್ಟಿಗೆಯಲ್ಲಿ. ಇಲ್ಲಿಗೂ ಕಿನ್‌ಗೂ ನಡುವೆ ಇರುವುದು ಸ್ಟಾಡ್ ಭೂಶಿರ. ಉಳಿದ ಕರಾವಳಿಯುದ್ದಕ್ಕೂ ದ್ವೀಪಗಳ ಮರೆಯಲ್ಲಿ ತೆವಳಿಕೊಂಡು ಹೋಗಬಹುದು. ಸ್ಟಾಡಿನಲ್ಲಿ ಮರೆ ಇಲ್ಲ, ಒಳದಾರಿ ಇಲ್ಲ. ಕಡಲು ಬಿಟ್ಟರೆ ದಾಟಬೇಕು, ಬಿಡದಿದ್ದರೆ ಕಾಯಬೇಕು.

ಇನ್ನೊಬ್ಬ ಎಂದೆನಲ್ಲ, ಅವನು ಹಾಲ್ವೊರ್. ಬೇರಿತ್‌ಳ ಈಗಿನ ಗಂಡ. ಹಲ್ಲಿನ ಡಾಕ್ಟರು. ಜನರ ಬಾಯಿ ತೆಗೆಸಿ ತಾನು ಬಾಯಿ ಮುಚ್ಚಿಕೊಂಡು ಇಪ್ಪತ್ತೈದು ವರ್ಷ ದುಡಿದವನು. ಬೆಟ್ಟದ ಕಡೆಯವನು, ಕಡಲೆಂದರೆ ಅವನಿಗೆ ದೊಡ್ಡದೊಂದು ಕೆರೆ. ಸಿನ್ನೆ ಎಂಟು ವರ್ಷದವಳಿದ್ದಾಗಿಂದ ಅವನ ಮನೆಯಲ್ಲಿ ಬೆಳೆದಳು, ವಾರ ಬಿಟ್ಟು ವಾರ ನನ್ನ ಮನೆಗೆ ಬಂದಳು.

ಹೋದ ವಾರ ಅವಳು ನಮ್ಮಿಬ್ಬರಿಗೂ ಒಟ್ಟಿಗೇ ಫೋನು ಮಾಡಿದಳು.

“ನೀವಿಬ್ರೂ ಸೇರಿ ತೆರ್ನಾನ ತನ್ನಿ. ಚರ್ಚಲ್ಲಿ ನನ್ನ ಕೈ ಹಿಡ್ಕೊಂಡು ಯಾರು ನಡೆಸೋದು ಅಂತ ದಾರೀಲೇ ಮಾತಾಡ್ಕೊಂಡು ತೀರ್ಮಾನ ಮಾಡಿ. ನನ್ನ ಮಾತ್ರ ಕೇಳ್ಬೇಡಿ, ನಾನು ಹೇಳಲ್ಲ.”

ಆಗಲಿ ಎಂದ ಹಲ್ಲಿನ ಡಾಕ್ಟರು. ಆಗಲಿ ಎಂದೆ ನಾನು. ಮಾತಾಡುವುದೇನಿದೆ? ಅಪ್ಪ ನಾನು. ಆದರೆ ಅದನ್ನು ನಾನೇ ಬಾಯಿಬಿಟ್ಟು ಹೇಳಿದರೆ ಹೇಗಿರುತ್ತದೆ? ಅವನೇ ಹೇಳಲಿ, ಮರ್ಯಾದೆಯಿದ್ದರೆ.

ಇವತ್ತು ಸಂಜೆ ಅವನು ಸಾಮಾನು ತಂದ. ಬೆನ್ನ ಮೇಲೆ ಬೆನ್ನುಚೀಲ. ಕೈಯಲ್ಲಿ ಇಟ್ಟಿಗೆಯಷ್ಟು ದೊಡ್ಡ ಕಂದು ಚೀಸು, ಮೇಕೆಹಾಲಿನದು, ಅವನ ಊರಿನದು. ನನ್ನ ಅಜ್ಜ ಇದ್ದಿದ್ದರೆ ಇವನನ್ನು ಧಕ್ಕೆಯಿಂದಲೇ ನೂಕುತ್ತಿದ್ದ. ಬೆನ್ನುಚೀಲ, ಕಂದು ಚೀಸು, ಕುದುರೆ ಎಂಬ ಮಾತು, ಈ ಮೂರನ್ನು ದೋಣಿಗೆ ತಂದವನು ದಡ ಕಾಣುವುದಿಲ್ಲ ಎಂದು ನಮ್ಮ ಕಡೆ ಗೊತ್ತಿಲ್ಲದ ಮಗುವಿಲ್ಲ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೂ ಸ್ಟಾಡ್ ದಾಟುವ ವಾರದಲ್ಲಿ ಯಾಕೆ ಸುಮ್ಮನೆ?

“ಚೀಲ ಬಿಡ್ತೀನಿ,” ಎಂದ. “ಚೀಸ್ ಬಿಡಲ್ಲ.”

ಚೌಕಾಸಿ ನಡೆದು ಒಂದು ಒಪ್ಪಂದವಾಯಿತು. ಚೀಸು ತೆರ್ನಾದಲ್ಲಿ ಬರುವುದಿಲ್ಲ, ಹಿಂದೆ ಹಗ್ಗ ಕಟ್ಟಿ ಎಳೆಯುವ ರಬ್ಬರಿನ ಮರಿದೋಣಿಯಲ್ಲಿ, ಮುಚ್ಚಳದ ಬಕೆಟ್ಟಿನಲ್ಲಿ ಬರುತ್ತದೆ. ಡಾಕ್ಟರಿಗೆ ಬೇಕಾದಾಗ ಹಗ್ಗ ಎಳೆದು ಒಂದು ಹೋಳು ಕೊಯ್ದುಕೊಳ್ಳಬಹುದು.

ಒಂದು ಮಾತು ಹೇಳಲೇಬೇಕು, ತೆರ್ನಾ ಹೊಳೆಯುತ್ತಿದೆ. ಪ್ರತಿ ವಸಂತದಲ್ಲೂ ಇವನೇ ವಾರ್ನಿಶ್ ಹಚ್ಚಿದ್ದಾನಂತೆ. ಒಮ್ಮೆಯೂ ನೀರಿಗೆ ಒಯ್ದಿಲ್ಲ.

ಜೂನ್ 17, ಮಂಗಳವಾರ. ಲಿಲ್ಲೆವೋಗ್

ದಿನವಿಡೀ ಗಾಜಿನಂಥ ನೀರು. ಅಂಥ ನೀರಿನಲ್ಲೂ ಡಾಕ್ಟರ ಮುಖ ಬೆಳಗ್ಗೆಯೇ ಹಸಿರಾಯಿತು. ಚುಕ್ಕಾಣಿ ಹಿಡಿದರೆ ವಾಸಿಯಾಗುತ್ತದೆ ಎಂದು ಕೊಟ್ಟೆ. ಹಲ್ಲು ಕೊರೆಯುವವನ ಕೈ, ಗೆರೆ ಎಳೆದ ಹಾಗೆ ನಡೆಸಿದ. ಹಿಂದೆ ನೋಡಿದರೆ ನಮ್ಮ ಜಾಡು ನೆಟ್ಟಗೆ, ಆ ಜಾಡಿನ ಮೇಲೆ ಮರಿದೋಣಿ, ಮರಿದೋಣಿಯಲ್ಲಿ ಮಹಾರಾಜರ ಹಾಗೆ ಕೂತ ಬಕೆಟ್ಟು. ಎದುರಿಗೆ ಬಂದ ಮೀನಿನ ದೋಣಿಯವನು ಕೈಬೀಸಿದ್ದು ನಮಗಲ್ಲ, ಅದಕ್ಕೇ ಅನ್ನಿಸಿತು.

ನಾನು ಮಾತಾಡಿದೆ. ಅವನು ಹೂಂಗುಟ್ಟಿದ. ನಾನು ಬಸ್ಸಿನ ಗೇರುಪೆಟ್ಟಿಗೆಯಿಂದ ಹಿಡಿದು ನಮ್ಮ ಪಾದ್ರಿಯ ಮೊಣಕಾಲು ನೋವಿನವರೆಗೆ ಎಲ್ಲ ಹೇಳಿದೆ. ಚರ್ಚು ಎಂಬ ಪದ ಬಂದಾಗ ಮಾತ್ರ ಇಬ್ಬರೂ ಒಟ್ಟಿಗೇ ಸುಮ್ಮನಾದೆವು.

ಲಿಲ್ಲೆವೋಗ್ ಸ್ಟಾಡಿಗೆ ಮುಂಚಿನ ಕೊನೆಯ ಪುಟ್ಟ ಬಂದರು. ಧಕ್ಕೆಗೆ ಒತ್ತಿ ಒಂದು ಹಳೆಯ ಮರದ ದೋಣಿ, ಅದರ ಪಕ್ಕಕ್ಕೆ ಇನ್ನೊಂದು, ಅದರಾಚೆ ಮತ್ತೊಂದು, ಹೀಗೆ ಒಂದಕ್ಕೊಂದು ಕಟ್ಟಿಕೊಂಡು ಎಲ್ಲರೂ ಹವೆ ಕಾಯುತ್ತಿದ್ದರು. ನಾವು ಕೊನೆಯವರು. ದಡಕ್ಕೆ ಹೋಗಬೇಕಾದರೆ ಎಲ್ಲರ ದೋಣಿಯನ್ನೂ ಹಾಯಬೇಕು. ಮುಂಭಾಗದಿಂದಲೇ ಹಾಯಬೇಕು, ಮೆಲ್ಲಗೆ ಹೆಜ್ಜೆಯಿಡಬೇಕು, ಕಿಟಕಿಯೊಳಗೆ ಇಣುಕಬಾರದು. ಡಾಕ್ಟರು ಮೊದಲನೆಯ ದೋಣಿಯಲ್ಲೇ ಹಿಂಭಾಗದಿಂದ ನುಗ್ಗಿ, ಊಟಕ್ಕೆ ಕೂತಿದ್ದ ಬರ್ಗನ್ನಿನ ಗಂಡಹೆಂಡತಿಯ ಮೇಜಿನ ನಡುವೆ ನಿಂತು ನಮಸ್ಕಾರ ಎಂದ. ಆ ಹೆಂಗಸು, ಓಸ್ಲೌಗ್ ಅಂತ ಹೆಸರು, ಬಂದವನನ್ನು ಕೂರಿಸಿ ಆಲೂಗಡ್ಡೆ ಬಡಿಸಿಬಿಟ್ಟಳು. ನಾನು ಮರ್ಯಾದಸ್ಥನ ಹಾಗೆ ಮುಂಭಾಗದಲ್ಲೇ ಹಸಿದು ನಿಂತಿದ್ದೆ.

ಹವೆ: ನಾಳೆ ಬೆಳಗ್ಗೆ ಶಾಂತ. ಗುರುವಾರ ಬಿರುಗಾಳಿ. ಶುಕ್ರವಾರ ಏನೋ ಎಂತೋ. ಅಂದರೆ ನಾಳೆ ದಾಟಿದರೆ ಗೆದ್ದೆವು.

ಜೂನ್ 18, ಬುಧವಾರ. ಇನ್ನೂ ಲಿಲ್ಲೆವೋಗ್

ನಗಬೇಕೋ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೋ ತಿಳಿಯುತ್ತಿಲ್ಲ.

ಬೆಳಗ್ಗೆ ಎದ್ದರೆ ಕಡಲು ಹಾಸಿಗೆಯ ಹಾಗೆ ಬಿದ್ದಿತ್ತು. ಎಲ್ಲ ದೋಣಿಗಳಲ್ಲೂ ಜನ ಎದ್ದು, ಕಾಫಿ ಹಿಡಿದು, ಹೊರಗೆ ಬಂದು ಕೂತರು. ಯಾರೂ ಹೊರಡಲಿಲ್ಲ. ಧಕ್ಕೆಯ ಪಕ್ಕದ ಹಳೆಯ ಮರದ ದೋಣಿಯಲ್ಲಿ ಒಬ್ಬ ಮುದುಕ, ಆನ್ಸ್‌ಗಾರ್, ಪೈಪು ಕಚ್ಚಿಕೊಂಡು ಪಡುವಣದ ಕಡೆ ನೋಡುತ್ತ ಕೂತಿದ್ದ. ಅಂಥ ಮುಖ. ಆ ಮುಖದಲ್ಲಿ ಸ್ಟಾಡಿನ ಎಲ್ಲ ಅಲೆಗಳೂ ಬರೆದ ಹಾಗಿದ್ದವು. ಇವನು ಕೂತಿದ್ದಾನೆಂದರೆ ಏನೋ ಇದೆ ಎಂದುಕೊಂಡೆ. ಓಸ್ಲೌಗ್ ಕೂಡ ಅವನನ್ನೇ ನೋಡುತ್ತಿದ್ದಳು. ಅವಳಾಚೆಯ ದೋಣಿಯವರು ಅವಳನ್ನು ನೋಡುತ್ತಿದ್ದರು. ಮೊದಲು ನಾನು ಹೊರಟೆ ಎಂದು ಎದ್ದು ನಿಂತು ದೊಡ್ಡವನಾಗಲು ಯಾರಿಗೂ ಇಷ್ಟವಿರಲಿಲ್ಲ.

ಜರ್ಮನ್ನನೊಬ್ಬ ಮಾತ್ರ ಬೆಳಗ್ಗೆಯೇ ಹಗ್ಗ ಬಿಚ್ಚಿಕೊಂಡು ಹೊರಟುಹೋದ. ನಾವೆಲ್ಲ ಒಬ್ಬರನ್ನೊಬ್ಬರು ನೋಡಿ ಪಾಪ ಎಂದು ತಲೆಯಾಡಿಸಿದೆವು. ಪಾಪ, ಅವನಿಗೆ ಇಲ್ಲಿಯ ಕಡಲು ಗೊತ್ತಿಲ್ಲ.

ಊಟದ ಹೊತ್ತಿಗೆ ಗಾಳಿ ಎದ್ದಿತು. ಸ್ವಲ್ಪ ಹೊತ್ತಿನಲ್ಲೇ ಬಂದರಿನ ಬಾಯಿಯಲ್ಲಿ ಬಿಳಿ ನೊರೆ. ಆಗ ನಾನು ಎಲ್ಲರ ದೋಣಿ ಹಾಯ್ದು ಮುದುಕನ ಹತ್ತಿರ ಹೋಗಿ, ಹೇಗೆ ತಿಳಿಯಿತು ನಿಮಗೆ, ಇನ್ನು ಯಾವಾಗ ಹೊರಡುತ್ತೀರಿ ಎಂದು ಕೇಳಿದೆ.

“ಎಲ್ಲಿಗೆ?” ಎಂದ. ಪೈಪಿನಿಂದ ಗುಡ್ಡದ ಮೇಲಿನ ಹಳದಿ ಮನೆ ತೋರಿಸಿದ. “ನನ್ನ ಮನೆ ಅದು. ಹೆಂಡ್ತಿ ಕರ್ಟನ್ ಒಗೀತಿದ್ದಾಳೆ. ಮೇಲೆ ಹೋದ್ರೆ ಏಣಿ ಹತ್ತಿಸ್ತಾಳೆ ಅಂತ ಇಲ್ಲಿ ಕೂತಿದ್ದೆ.”

“ಬೆಳಗ್ಗೆ ಸ್ಟಾಡ್ ದಾಟ್ಬೋದಿತ್ತಾ ಹಾಗಾದ್ರೆ?”

“ಇಂಥ ದಿನ ಬಾತುಕೋಳಿನೂ ದಾಟುತ್ತೆ. ನೀವೆಲ್ಲ ಯಾಕೆ ಕೂತಿದ್ರಿ ಅಂತ ನಾನೂ ಯೋಚ್ನೆ ಮಾಡ್ತಿದ್ದೆ. ಕೇಳೋದು ಸರಿಯಲ್ಲ ಅಂತ ಸುಮ್ನಾದೆ.”

ತೆರ್ನಾಕ್ಕೆ ವಾಪಸು ಬಂದು ಹಾಲ್ವೊರ್‌ಗೆ ಹೇಳಿದೆ.

“ನಾನು ಬೆಳಗ್ಗೆ ಏಳ್ತಿದ್ದ ಹಾಗೇ ಹೇಳೋಣ ಅಂತಿದ್ದೆ,” ಎಂದ. “ನೀನು ಕರಾವಳಿಯವ್ನು, ನಿಂಗೆ ಗೊತ್ತಿರುತ್ತೆ ಅಂತ ಬಿಟ್ಟೆ.”

ಇಬ್ಬರಿಗೂ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಶನಿವಾರ ಎಂಬುದು ನೆನಪಿಗೆ ಬಂತು.

ಸಂಜೆ ಎಲ್ಲ ದೋಣಿಯವರೂ ಧಕ್ಕೆಯ ಶೆಡ್ಡಿನಲ್ಲಿ ಸೇರಿ ವಾಫಲ್ ಮಾಡಿದರು. ಅವಮಾನ ಹಂಚಿಕೊಂಡು ತಿಂದರೆ ಕಡಿಮೆಯಾಗುತ್ತದೆ. ತಟ್ಟೆಯಲ್ಲಿ ಕೊನೆಯ ವಾಫಲ್ ಉಳಿಯಿತು. ಕೊನೆಯದನ್ನು ತೆಗೆದುಕೊಳ್ಳುವ ಧೈರ್ಯ ಈ ಕರಾವಳಿಯಲ್ಲಿ ಯಾರಿಗಿದೆ? ಓಸ್ಲೌಗ್ ಅರ್ಧ ಕತ್ತರಿಸಿಕೊಂಡಳು. ಅವಳ ಗಂಡ ಉಳಿದದ್ದರಲ್ಲಿ ಅರ್ಧ. ಹಾಲ್ವೊರ್ ಅದರಲ್ಲಿ ಅರ್ಧ. ನನ್ನ ಪಾಳಿ ಬಂದಾಗ ಉಳಿದದ್ದು ಗುಬ್ಬಚ್ಚಿಗೂ ಸಾಲದು, ಅದನ್ನೂ ನಾನು ಅರ್ಧ ಮಾಡಿ ಬಿಟ್ಟೆ.

ಜೂನ್ 19, ಗುರುವಾರ. ಲಿಲ್ಲೆವೋಗ್

ಗಾಳಿ. ಹಗ್ಗಗಳೆಲ್ಲ ಮುದಿನಾಯಿಗಳ ಹಾಗೆ ಮುಲುಗುತ್ತಿವೆ. ಇಡೀ ದಿನ ಒಳಗೆ. ಎರಡು ಬೆಂಚು, ಒಂದು ಮೇಜು, ಒಂದು ಸ್ಟೌವು, ನಾಲ್ಕು ಮೊಣಕಾಲು.

ಸಿನ್ನೆ ಫೋನು ಮಾಡಿದಳು. ತೀರ್ಮಾನ ಆಯ್ತಾ ಎಂದು ಕೇಳಿದಳು. ಗಾಳಿ ಜಾಸ್ತಿ ಇದೆ ಎಂದೆ. ಫೋನು ಹಾಲ್ವೊರ್‌ಗೆ ಕೊಟ್ಟೆ. ಅವನೂ ಗಾಳಿ ಜಾಸ್ತಿ ಇದೆ ಎಂದ. ನೀವಿಬ್ಬರೂ ಸೇರಿ ನನ್ನನ್ನು ಕೊನೇ ವಾಫಲ್ ಥರ ಅರ್ಧರ್ಧ ಮಾಡ್ತಾ ಕೂರ್ತೀರಿ ಎಂದು ಬೈದಳು. ಆಮೇಲೆ ದನಿ ಇಳಿಸಿ, ದೋಣಿ ಬರದಿದ್ದರೂ ಪರವಾಗಿಲ್ಲ, ನೀವು ಬನ್ನಿ ಎಂದಳು. ಆ ಮಾತು ಕೇಳಿ ನಾವಿಬ್ಬರೂ ಸ್ವಲ್ಪ ಹೊತ್ತು ಕಾಫಿ ಲೋಟ ತೊಳೆದೆವು. ಎರಡೇ ಲೋಟ ಇದ್ದದ್ದು.

ಬಸ್ಸಿನಲ್ಲಾದರೂ ಹೋಗೋಣವೆಂದರೆ ದೋಣಿ ಇಲ್ಲೇ ಉಳಿಯುತ್ತದೆ. ನಾಳೆ ಮಧ್ಯಾಹ್ನದೊಳಗೆ ದಾಟದಿದ್ದರೆ ಬಸ್ಸೇ ಗತಿ ಎಂದು ಲೆಕ್ಕ ಹಾಕಿದೆವು.

ಮಾಡಲು ಏನೂ ಇಲ್ಲದೆ, ನೀರಿಗೇ ಇಳಿಸದ ದೋಣಿಗೆ ವರ್ಷವರ್ಷ ಯಾಕೆ ವಾರ್ನಿಶ್ ಹಚ್ಚಿದೆ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು. ಅವನು ಉತ್ತರ ಕೊಡಲು ತೆಗೆದುಕೊಂಡ ಹೊತ್ತಿನಲ್ಲಿ ನಾನಾಗಿದ್ದರೆ ಮೂರು ಕಥೆ ಹೇಳಿರುತ್ತಿದ್ದೆ. ಮೊದಮೊದಲು ಸಿನ್ನೆ ನನ್ನ ಮನೆಯಿಂದ ವಾಪಸು ಹೋದ ದಿನಗಳಲ್ಲಿ ಯಾರ ಜೊತೆಯೂ ಮಾತಾಡದೆ ದೋಣಿಮನೆಗೆ ಹೋಗಿ, ಲೈಫ್ ಜಾಕೆಟ್ ಹಾಕಿಕೊಂಡು, ಒಣನೆಲದ ಮೇಲಿದ್ದ ತೆರ್ನಾದ ಚುಕ್ಕಾಣಿ ಹಿಡಿದು ಕೂರುತ್ತಿದ್ದಳಂತೆ. ಇವನಿಗೆ ಏನು ಹೇಳಬೇಕೋ ತಿಳಿಯದೆ ಬ್ರಷ್ಷು ತಂದು ಇನ್ನೊಂದು ಪಕ್ಕಕ್ಕೆ ವಾರ್ನಿಶ್ ಹಚ್ಚುತ್ತಿದ್ದನಂತೆ. ಅವಳು ಇಳಿಯುವವರೆಗೂ ಹಚ್ಚುವುದು. ಕೆಲವು ದಿನ ಒಂದೇ ಹಲಗೆಗೆ ನಾಲ್ಕು ಸಲ.

ನಾನು ಎದ್ದು ಅವನ ಲೋಟಕ್ಕೆ ಕಾಫಿ ಬಗ್ಗಿಸಿದೆ.

ಹಾಲ್ವೊರ್ ಹಗ್ಗ ಎಳೆದು ಚೀಸು ಕೊಯ್ಯುತ್ತಿದ್ದಾನೆ, ಒಂದು ಕೈ ಸಹಾಯ ಬೇಕಂತೆ. ಉಳಿದದ್ದು ಆಮೇಲೆ ಹೇಳುತ್ತೇನೆ.

ಜೂನ್ 20, ಶುಕ್ರವಾರ. ಫ್ಲೂರೊ, ಮನೆಯ ಧಕ್ಕೆ

ನಿನ್ನೆ ಉಳಿದದ್ದು ಏನೆಂದು ಮರೆತುಹೋಗಿದೆ. ಮಾತಾಡುತ್ತ ಕೂತಿದ್ದೆವು.

ಬೆಳಗ್ಗೆ ಗಾಳಿ ಬಿದ್ದಿತ್ತು, ಆದರೆ ನಿನ್ನೆಯ ಹೆದ್ದೆರೆಗಳು ಇನ್ನೂ ಮನೆಗೆ ಹೋಗಿರಲಿಲ್ಲ. ಮತ್ತೆ ಎಲ್ಲರೂ ಕಾಫಿ ಹಿಡಿದು ಒಬ್ಬರನ್ನೊಬ್ಬರು ನೋಡುತ್ತ ಕೂತರು. ನಾನು ಹಾಲ್ವೊರ್‌ನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಥೂ ಎಂದುಕೊಂಡು ಎದ್ದು ನಿಂತು, ಇಡೀ ಬಂದರಿಗೆ ಕೇಳುವ ಹಾಗೆ, ತೆರ್ನಾ ಈಗ ಹೊರಡುತ್ತದೆ, ಬರುವವರು ಬನ್ನಿ ಎಂದೆ. ಐವತ್ತು ವರ್ಷದಲ್ಲಿ ಇಷ್ಟು ನಾಚಿಕೆಗೇಡಿನ ಕೆಲಸ ಮಾಡಿರಲಿಲ್ಲ. ಎಲ್ಲ ದೋಣಿಗಳ ಎಂಜಿನ್ನುಗಳೂ ಒಟ್ಟಿಗೇ ಶುರುವಾದವು. ಆನ್ಸ್‌ಗಾರ್ ಪೈಪು ಎತ್ತಿ ಬೀಳ್ಕೊಟ್ಟ. ಗುಡ್ಡದ ಮೇಲೆ ಏಣಿ ಕಾಣಿಸುತ್ತಿತ್ತು.

ಬಂದರಿನ ಬಾಯಿಯಲ್ಲಿ ಒಂದು ವಿಷಯ ಹೊಳೆಯಿತು. ಇಂಥ ಅಲೆಯಲ್ಲಿ ಮರಿದೋಣಿಯನ್ನು ಹಿಂದೆ ಎಳೆಯಲು ಬರುವುದಿಲ್ಲ, ಮೇಲಕ್ಕೆತ್ತಿ ಕಟ್ಟಬೇಕು. ಹಾಲ್ವೊರ್ ಬಕೆಟ್ಟು ಹಿಡಿದು ಹಿಂಭಾಗದಲ್ಲಿ ನಿಂತ. ನೀರಿಗೆ ಹಾಕಿಬಿಡಲಾ ಎಂದು ಕೇಳಿದ. ನಿಜಕ್ಕೂ ಹಾಕುವವನಿದ್ದ.

“ಒಳಗೆ ತಾ,” ಎಂದೆ. “ನಮ್ಮಜ್ಜನಿಗೆ ಹೇಳ್ಬೇಡ.”

ಸ್ಟಾಡ್ ಎಂದಿನಂತೇ ಸ್ಟಾಡ್. ಅಲೆಗಳಲ್ಲ ಅವು, ಮೆಲ್ಲಗೆ ನಡೆಯುವ ಗುಡ್ಡಗಳು. ಮೇಲೆ ಹತ್ತಿದಾಗ ಹಿಂದಿನ ದೋಣಿಗಳೆಲ್ಲ ಕಾಣುತ್ತವೆ, ಕೆಳಗಿಳಿದಾಗ ಪ್ರಪಂಚದಲ್ಲಿ ನಾವಿಬ್ಬರೇ. ಭೂಶಿರದ ಮೂತಿಗೆ ಸರಿಯಾಗಿ ಬಂದಾಗ ಎಂಜಿನ್ನು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತೇಹೋಯಿತು. ಚೀಸು, ಎಂದುಕೊಂಡೆ, ನಿಜ ಹೇಳುತ್ತೇನೆ. ಆದರೆ ಚೀಸಲ್ಲ, ವರ್ಷಗಟ್ಟಲೆ ಡೀಸೆಲ್ ಟ್ಯಾಂಕಿನ ತಳದಲ್ಲಿ ಕೂತಿದ್ದ ಹೊಲಸು ಅಲೆಗೆ ಕದಡಿ ಫಿಲ್ಟರಿಗೆ ಬಂದು ಕಟ್ಟಿಕೊಂಡಿತ್ತು. ಹೊರಗೆಲ್ಲ ಕನ್ನಡಿ, ಟ್ಯಾಂಕಿನ ಒಳಗೆ ಇಬ್ಬರೂ ಇಣುಕಿರಲಿಲ್ಲ.

“ಹೊರಗೆ ಬೆಳ್ಳಗೆ, ಒಳಗೆ ಹುಳುಕು,” ಎಂದ ಹಾಲ್ವೊರ್, ಮುಖ ಸೌತೆಕಾಯಿಯ ಬಣ್ಣಕ್ಕೆ ತಿರುಗಿತ್ತು. “ದಿನಾ ನೋಡೋದೇ ಇದು.”

ತೆರ್ನಾ ಅಲೆಗೆ ಅಡ್ಡ ತಿರುಗಿ ತೊಟ್ಟಿಲಾಯಿತು. ಬಂಡೆಗಳು ಇನ್ನೂ ದೂರವಿದ್ದವು, ಆದರೆ ಆ ದೂರ ಕಡಿಮೆಯಾಗುತ್ತಿತ್ತು. ನಾನು ಕೆಳಗೆ ಎಂಜಿನ್ನಿನ ಹೊಂಡಕ್ಕಿಳಿದೆ. ಓಸ್ಲೌಗ್ ತನ್ನ ದೋಣಿಯನ್ನು ಹತ್ತಿರಕ್ಕೆ ತಂದು ಹಗ್ಗ ಎಸೆಯುತ್ತೇನೆಂದು ಕೂಗಿದಳು. ಹಿಡಿಯುವವರು ಮುಂಭಾಗಕ್ಕೆ ಹೋಗಬೇಕು. ಹಾಲ್ವೊರ್ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದ. ಅವನು ಮಾತಾಡುವುದು ನನಗೆ ಹಲಗೆಯ ಮೂಲಕ ಕೇಳುತ್ತಿತ್ತು. ನಿಲ್ಲಿಸದೆ ಮಾತಾಡುತ್ತಿದ್ದ, ಕುರ್ಚಿಯಲ್ಲಿ ಹೆದರಿ ಕೂತವರಿಗೆ ಹೇಳುವ ಹಾಗೆ. ಇನ್ನೇನು ಆಗೋಯ್ತು, ಸ್ವಲ್ಪ ಮಾತ್ರ, ಮೂಗಲ್ಲಿ ಉಸಿರಾಡಿ, ಭೇಷ್, ಇನ್ನೊಂಚೂರು. ತನಗೆ ಹೇಳಿಕೊಂಡನೋ, ದೋಣಿಗೆ ಹೇಳಿದನೋ, ನನಗೋ ಗೊತ್ತಿಲ್ಲ. ನಾನು ಒಂದು ಮಾತೂ ಆಡದೆ ಫಿಲ್ಟರು ಬದಲಾಯಿಸಿದೆ. ಮೂಗಲ್ಲೇ ಉಸಿರಾಡಿದೆ.

ಅವನು ಹಗ್ಗ ಹಿಡಿದ. ಕಟ್ಟಿದ. ತೆರ್ನಾ ಮೂತಿ ತಿರುಗಿಸಿ ಅಲೆಗೆ ಎದುರಾಗಿ ನೆಟ್ಟಗಾಯಿತು. ಎಂಜಿನ್ನು ಎರಡು ಸಲ ಸೀನಿ ಶುರುವಾಯಿತು.

ಸ್ಟಾಡಿನ ಆಚೆಯ ಮರೆಗೆ ಬಂದ ಮೇಲೆ ನೋಡಿದರೆ ಅವನು ಹಾಕಿದ್ದು ಒಸಡು ಹೊಲಿಯುವ ಗಂಟು. ನನ್ನಿಂದ ಬಿಚ್ಚಲಾಗಲಿಲ್ಲ, ಓಸ್ಲೌಗ್‌ಳಿಂದಲೂ ಆಗಲಿಲ್ಲ. ಅದು ತಾನಾಗೇ ಕರಗಬೇಕು ಎಂದ ಹಾಲ್ವೊರ್. ಕೊನೆಗೆ ಚಾಕು ತಗೊಂಡು ಕತ್ತರಿಸಿದೆವು. ಓಸ್ಲೌಗ್ ಗಂಟನ್ನು ನೆನಪಿಗೆಂದು ಇಟ್ಟುಕೊಂಡಳು.

ದಾರಿಯಲ್ಲಿ ಸಿಗುವ ಮೋಲೊಯ್ ಊರಿನ ಹತ್ತಿರ ನೀರು ಸಮವಾದಾಗ ಹಸಿವು ಬಂತು. ಬಕೆಟ್ಟಿನಲ್ಲಿ ಚೀಸು ಒಂದೇ ಒಂದು ಹೋಳು ಆಗುವಷ್ಟಿತ್ತು. ಹಾಲ್ವೊರ್ ಅದನ್ನು ಅರ್ಧ ಮಾಡಲು ಚಾಕು ಎತ್ತಿದ. ನಾನು ಪೂರ್ತಿ ಹೋಳನ್ನು ತೆಗೆದು ಅವನ ರೊಟ್ಟಿಯ ಮೇಲಿಟ್ಟೆ.

“ಅರ್ಧ ಮಾಡ್ಬೇಡ ಮಾರಾಯ. ಧಕ್ಕೆವರೆಗೆ ಅವಳನ್ನ ನಾನು ತರ್ತೀನಿ. ಧಕ್ಕೆಯಿಂದ ಚರ್ಚೊಳಗೆ ನೀನು ಕರ್ಕೊಂಡು ಹೋಗು.”

ಅವನು ರೊಟ್ಟಿ ನೋಡುತ್ತ ಕೂತ. ಇಲ್ಲ ಎನ್ನುತ್ತಾನೆ, ನೀನೇ ಅಪ್ಪ ಎನ್ನುತ್ತಾನೆ, ಆಮೇಲೆ ನಾನು ಇಲ್ಲ ಎನ್ನಬೇಕು, ಹೀಗೇ ಫ್ಲೂರೊ ತನಕ ನಡೆಯುತ್ತದೆ ಎಂದುಕೊಂಡಿದ್ದೆ. ಅವನು ಇಲ್ಲ ಎನ್ನಲಿಲ್ಲ.

“ಸರಿ,” ಎಂದ. “ಥ್ಯಾಂಕ್ಸ್, ರೂನೆ.” ಪೂರ್ತಿ ಹೋಳನ್ನು ತಿಂದ.

ಅಷ್ಟೆ. ನನ್ನ ರೊಟ್ಟಿಗೆ ಮೀನಿನ ಪೇಸ್ಟು ಹಚ್ಚಿಕೊಂಡೆ. ಚೆನ್ನಾಗಿತ್ತು. ಸಂಜೆಯ ಬೆಳಕಿನಲ್ಲಿ ಫ್ಲೂರೊ ಎಷ್ಟು ಚೆಂದ ಕಾಣುತ್ತದೆ ಎಂಬುದು ನನಗೆ ಮರೆತೇಹೋಗಿತ್ತು.

ಜೂನ್ 21, ಶನಿವಾರ. ಕಿನ್

ಸಿನ್ನೆ ಬಿಳಿ ಬಟ್ಟೆಯ ಮೇಲೆ ನನ್ನ ಮಳೆಕೋಟು ಹಾಕಿಕೊಂಡು ಬಂದಳು. ಅವಳನ್ನು ಧಕ್ಕೆವರೆಗೆ ನಾನೇ ತರುತ್ತೇನೆ ಎಂದಿದ್ದೆನಲ್ಲ, ಬಂದರು ಬಿಟ್ಟ ತಕ್ಷಣ, ಅಪ್ಪ, ಆ ಕಡೆ ಸರಿ ಎಂದು ಚುಕ್ಕಾಣಿ ಕಿತ್ತುಕೊಂಡಳು. ಹಾಗಾಗಿ ಅವಳೇ ನಮ್ಮಿಬ್ಬರನ್ನೂ ತಂದಳು. ನಾನು ಹೂಗುಚ್ಛ ಹಿಡಿದಿದ್ದೆ. ಹಾಲ್ವೊರ್ ಅವಳ ಚಪ್ಪಲಿ ಹಿಡಿದಿದ್ದ. ವಾರ್ನಿಶ್ ಬಿಸಿಲಿಗೆ ಹೊಳೆಯುತ್ತಿತ್ತು, ಅವಳು ಒಂದು ಹಲಗೆಯ ಮೇಲೆ ಕೈಯಾಡಿಸಿದ್ದನ್ನು ನೋಡಿದೆ.

ಧಕ್ಕೆಯಲ್ಲಿ ದೋಣಿ ಕಟ್ಟಿ ಓಡಿಹೋಗಿ ಚರ್ಚಿನ ಬೆಂಚಿನಲ್ಲಿ ಕೂತೆ. ಬಾಗಿಲಲ್ಲಿ ಅವರಿಬ್ಬರು ಬಂದರು. ಐದು ದಿನ ದೋಣಿಯಲ್ಲಿದ್ದ ಹಾಲ್ವೊರ್‌ಗೆ ಚರ್ಚಿನ ಕಲ್ಲುನೆಲವೂ ಅಲೆಯುತ್ತಿತ್ತು. ಎಡಕ್ಕೆ ತೂಗಿದ, ಬಲಕ್ಕೆ ತೂಗಿದ. ಭಾವುಕನಾಗಿದ್ದಾನೆ ಪಾಪ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು. ಸಿನ್ನೆ ಅವನ ತೋಳು ಬಿಗಿಯಾಗಿ ಹಿಡಿದು, ತಾನೇ ದಾರಿ ನೋಡಿಕೊಂಡು ಮುಂದೆ ತಂದಳು. ನನ್ನ ಪಕ್ಕ ಬಂದಾಗ ಹಾಲ್ವೊರ್ ಮೂಗಲ್ಲಿ ಉಸಿರಾಡುತ್ತಿದ್ದ. ನಾನೂ ಹಾಗೇ ಮಾಡಿದೆ. ಉಪಯೋಗವಾಗುತ್ತದೆ.

ಈಗ ಧಕ್ಕೆಯಲ್ಲಿ ತೆರ್ನಾದ ಹಗ್ಗ ಬಿಗಿ ಮಾಡುವ ನೆಪದಲ್ಲಿ ಬಂದು ಇದನ್ನು ಹೇಳುತ್ತಿದ್ದೇನೆ. ಹೇಳಲು ಹೆಚ್ಚೇನೂ ಇಲ್ಲ. ಮೇಲಿಂದ ಹಾಲ್ವೊರ್ ಕರೆಯುತ್ತಿದ್ದಾನೆ. ಕೇಕಿನ ಕೊನೆಯ ತುಂಡು ಉಳಿದಿದೆಯಂತೆ, ಎಲ್ಲ ನೆಂಟರೂ ಅದರ ಸುತ್ತ ನೋಡುತ್ತ ನಿಂತಿದ್ದಾರಂತೆ. ಚಾಕು ಮುಟ್ಟಬೇಡ, ನಾನು ಬಂದೆ ಎಂದು ಕೂಗಿ ಹೇಳಿದ್ದೇನೆ.